ಗೋಡೆಗೊರಗಿದ ಅಂಜೂರ

ಲಂಡನ್ನಿನಿಂದ ತಮ್ಮ ಫೋನ್ ಮಾಡಿದ್ದ: "ಅಣ್ಣಾ, ಕುಂಡದ ಅಂಜೂರದ ಎಲೆ ಎಲ್ಲಾ ಉದುರ್‍ಯಾವು. ಸತ್ತೈತೇನು?"

"ಸತ್ತಿಲ್ಲ, ಮಲಗೈತಿ" ಅಂದೆ.

ಹರಿಹರದಲ್ಲಿ ಹೊಳೆದಂಡೆಯ ಅತ್ತಿಮರ ನೋಡಿ ಬೆಳೆದವರಿಗೆ, ಬಳ್ಳಾರಿ ಬಿಸಿಲಲ್ಲಿ ಹಣ್ಣಾಗೋ ಅಂಜೂರ ಅದರ ಶ್ರೀಮಂತ ನೆಂಟ. ಹೆಸರೂ ಪಾರಸಿಯಿಂದ ಬಂದದ್ದು. ಆದರೆ ತಮ್ಮನ ಊರಲ್ಲೇ, ಲ್ಯಾಂಬೆತ್ ಅರಮನೆಯಲ್ಲಿ, 1556ರಲ್ಲಿ ಕಾರ್ಡಿನಲ್ ಪೋಲ್ ನೆಡಿಸಿದ್ದೆನ್ನುವ ಬಿಳಿ ಮಾರ್ಸೇಲ್ಸ್ ಅಂಜೂರ ಇನ್ನೂ ಇದೆ. ಹಗಲು ಬಿಸಿಲು ಹೀರಿ ಇರುಳು ಬಿಡುವ ಗೋಡೆಯೇ ಇಂಥ ಗಿಡಕ್ಕೆ ಕಂಬಳಿ. ಕಣಜದ ಹಂಗಿಲ್ಲದೆ ಕಾಯಿ ಹಣ್ಣಾಗುವ ತಳಿ ಬೇರೆ; ಅದನ್ನು ಕಡ್ಡಿ ಊರಿಯೇ ಉಳಿಸಬೇಕು. ಜೋರ್ಡಾನ್ ಕಣಿವೆಯ ಗಿಲ್ಗಾಲ್‌ನಲ್ಲಿ ಸಿಕ್ಕ 11,400 ವರ್ಷದ ಕರಿಕಲು ಅಂಜೂರಗಳೂ ಹಾಗೇ ಊರಿ ಬೆಳೆದವೆಂದು 2006ರಲ್ಲಿ ಸಂಶೋಧಕರು ವಾದಿಸಿದರು.

ತಮ್ಮ ಕುಂಡವನ್ನು ದಕ್ಷಿಣದ ಗೋಡೆಗೆ ಸರಿಸಿದ. ಏಪ್ರಿಲ್‌ನಲ್ಲಿ ಒಂದು ಫೋಟೊ ಬಂತು: ಹಸಿರು ಮೊಗ್ಗು, ಉಗುರಿನಷ್ಟು.