ಪಶ್ಚಿಮದ ಐಸ್‌ಲ್ಯಾಂಡಿಕ್: ತಡವಾಗಿ ಕಿವಿಗೊಟ್ಟ ಅಧ್ಯಯನ

ಉತ್ತರ ಅಮೆರಿಕಕ್ಕೆ ವಲಸೆ ಹೋದ ಐಸ್‌ಲ್ಯಾಂಡಿಗರ ನುಡಿಯ ಬಗ್ಗೆ ಈಗ ಎರಡು ಮಾತುಗಳು ಚಾಲ್ತಿಯಲ್ಲಿವೆ. ವಿನಿಪೆಗ್ ಸರೋವರದ ದಂಡೆಯಲ್ಲಿ ಹಳೆಯ ನಾರ್ಸ್ ನುಡಿ ಕೆಡದೆ ಉಳಿದಿತ್ತು ಎಂಬ ಕೊಂಡಾಟ ಒಂದು. ನುಡಿ ಎಂದೋ ಸತ್ತಿದೆ, ಉಳಿದಿರುವುದು ಆಗಸ್ಟ್ ತಿಂಗಳ ಉತ್ಸವ ಮತ್ತು ಒಣ ಪ್ಲಮ್ ಹೂರಣದ ಪದರ ಕೇಕು ಮಾತ್ರ ಎಂಬುದು ಇನ್ನೊಂದು. ಇವೆರಡರ ನಡುವೆ ಮೂರು ತಲೆಮಾರು ಮನೆಯಲ್ಲೂ ಹೊಲದಲ್ಲೂ ಮೀನುಗಾರರ ದೋಣಿಯಲ್ಲೂ ಆಡಿದ, ಆಡುತ್ತಲೇ ಬದಲಾದ ಒಂದು ಐಸ್‌ಲ್ಯಾಂಡಿಕ್ ಇತ್ತು. ಅದನ್ನು ಅದರದೇ ನೆಲೆಯಲ್ಲಿ ಕೇಳಿಸಿಕೊಳ್ಳಲು ವಿದ್ವತ್ತು ಬಹಳ ತಡಮಾಡಿತು. ಆ ತಡದ ಬೆಲೆಯನ್ನು ಪರಂಪರೆ ಈಗಲೂ ತೆರುತ್ತಿದೆ.

ಆರಂಭದ ಕಥೆ ಬಹುಮಟ್ಟಿಗೆ ಗೊತ್ತಿರುವುದೇ. 1870ರಿಂದ 1914ರವರೆಗೆ ಆ ಪುಟ್ಟ ದ್ವೀಪದಿಂದ ಹದಿನೈದು ಸಾವಿರಕ್ಕೂ ಹೆಚ್ಚು ಜನ ಹೊರಟರು. 1875ರಲ್ಲಿ ಆಸ್ಕ್ಯಾ ಜ್ವಾಲಾಮುಖಿ ಸಿಡಿದು ಪೂರ್ವದ ಹುಲ್ಲುಗಾವಲುಗಳ ಮೇಲೆ ಬೂದಿ ಸುರಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೆನಡಾದ ವಿನಿಪೆಗ್ ಸರೋವರದ ದಂಡೆಯ ಗಿಮ್ಲಿಯಲ್ಲಿ 'ಹೊಸ ಐಸ್‌ಲ್ಯಾಂಡ್' ನೆಲೆಗೊಂಡಿತು. ಮರುವರ್ಷ ಸಿಡುಬು ಬಡಿಯಿತು. ಆ ಸಾವುಗಳ ಬೆನ್ನಿಗೇ 1877ರಲ್ಲಿ 'ಫ್ರಾಮ್‌ಫಾರಿ' ಪತ್ರಿಕೆ ಹೊರಬಂತು. 1886ರಲ್ಲಿ 'ಹೈಮ್ಸ್‌ಕ್ರಿಂಗ್ಲಾ', 1888ರಲ್ಲಿ 'ಲೋಗ್‌ಬೆರ್ಗ್' ಹುಟ್ಟಿದವು; 1959ರಲ್ಲಿ ಒಂದಾಗಿ, ಕ್ರಮೇಣ ಇಂಗ್ಲಿಷಿಗೆ ತಿರುಗಿದವು. ಆಲ್ಬರ್ಟಾದ ರೈತಕವಿ ಸ್ಟೆಫಾನ್ ಜಿ. ಸ್ಟೆಫಾನ್ಸನ್, ಹೊಸ ಐಸ್‌ಲ್ಯಾಂಡಿನಲ್ಲೇ ಹುಟ್ಟಿದ ಗುಟ್ಟೋರ್ಮುರ್ ಗುಟ್ಟೋರ್ಮ್ಸನ್ ಇಬ್ಬರೂ ಐಸ್‌ಲ್ಯಾಂಡಿಕ್‌ನಲ್ಲೇ ಬರೆದರು. ಹೀಗಾಗಿ ಮೊದಲ ಇತಿಹಾಸಕಾರರ ಕಣ್ಣು ಅಚ್ಚಾದದ್ದರ ಮೇಲೇ ನೆಟ್ಟಿತ್ತು. 1919ರಲ್ಲಿ ಸ್ಥಾಪನೆಯಾದ ಐಸ್‌ಲ್ಯಾಂಡಿಕ್ ನ್ಯಾಷನಲ್ ಲೀಗ್ ಕಾಪಾಡಬಯಸಿದ್ದೂ ಗ್ರಂಥದ ನುಡಿಯನ್ನೇ. ಅದು ಹಿರಿದಾದ ಕೆಲಸ, ಆದರೆ ಅರ್ಧ ಕೆಲಸ.

ಉಳಿದರ್ಧ ಶುರುವಾದದ್ದು ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ. ವಲಸಿಗ ಸಮುದಾಯದ ದೇಣಿಗೆಯಿಂದ 1951ರಲ್ಲಿ ಅಲ್ಲಿ ಐಸ್‌ಲ್ಯಾಂಡಿಕ್ ಪೀಠ ಆರಂಭವಾಯಿತು. 1956ರಿಂದ ಮೂರು ದಶಕ ಅದನ್ನು ನಡೆಸಿದ ಹಾರಾಲ್ಡುರ್ ಬೆಸ್ಸಾಸನ್, ಇಂಗ್ಲಿಷ್ ಬೆರೆತ ಆಡುಮಾತನ್ನು ಕೆಟ್ಟ ಭಾಷೆ ಎಂದು ತಳ್ಳದೆ, 1967ರಲ್ಲಿ ಅದರ ಮಾದರಿಗಳನ್ನು ವಿವರಿಸಿ ಪ್ರಕಟಿಸಿದರು. 1972-73ರಲ್ಲಿ ಹಾಲ್‌ಫ್ರೆದುರ್ ಓರ್ನ್ ಐರಿಕ್ಸನ್ ಮತ್ತು ಓಲ್ಗಾ ಮರಿಯಾ ಫ್ರಾನ್ಸ್‌ಡೋಟ್ಟಿರ್ ವಲಸಿಗರ ಕಥೆಗಳನ್ನು ಧ್ವನಿಮುದ್ರಿಸಿಕೊಂಡರು. ಈ ಬಗೆಯ ಕೆಲಸಗಳಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮಿಗಿಲಾದದ್ದು ಬಿರ್ನಾ ಆರ್ನ್‌ಬ್ಯೋರ್ನ್ಸ್‌ಡೋಟ್ಟಿರ್ ಅವರದು; ಅವರ ಗ್ರಂಥ 2006ರಲ್ಲಿ ಬಂತು. ಅವರು ತೋರಿಸುವಂತೆ, ಕೆಲವು ಸ್ವರಗಳು ಒಂದರೊಳಗೊಂದು ಬೆರೆಯುವ 'ಫ್ಲಾಮೈಲಿ' ಎಂಬ ಉಚ್ಚಾರ ಮೂಲತಃ ಐಸ್‌ಲ್ಯಾಂಡಿನದೇ. ಅಲ್ಲಿ ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಶಾಲೆಗಳು ಅದನ್ನು ದೋಷವೆಂದು ಸಾರಿ ತಿದ್ದಿ ತಿದ್ದಿ ಬಹುಪಾಲು ಇಲ್ಲವಾಗಿಸಿದವು. ಅಂಥ ತಿದ್ದುಪಡಿ ಮುಟ್ಟದ ಉತ್ತರ ಅಮೆರಿಕದಲ್ಲಿ ಅದು ಬೆಳೆಯಿತು. ತಾಯ್ನಾಡಿನ ಭಾಷೆಗೆ ಸಹಜವಾಗಿದ್ದ ಒಂದು ದಾರಿಯನ್ನು ನೋಡಬೇಕಾದರೆ ಗಿಮ್ಲಿಗೂ ನಾರ್ತ್ ಡಕೋಟಾಕ್ಕೂ ಹೋಗಬೇಕಾಯಿತು ಎಂದ ಮೇಲೆ, ಅಲ್ಲಿಯ ನುಡಿಯನ್ನು ಅಪಭ್ರಂಶ ಎನ್ನುವುದು ಹೇಗೆ?

ಶುದ್ಧತೆಯ ಹಟ ಇಲ್ಲದಿದ್ದರೂ ಇಂಗ್ಲಿಷ್ ಶಾಲೆ, ಅಂತರ್ಜನಾಂಗೀಯ ಮದುವೆ, ನಗರದ ಕೆಲಸ ಸೇರಿ ನುಡಿಯನ್ನು ನುಂಗುತ್ತಿದ್ದವಲ್ಲ ಎಂದು ಆಕ್ಷೇಪಿಸಬಹುದು. ಹೌದು, ನುಂಗುತ್ತಿದ್ದವು. ಆದರೆ 2013ರ ನಂತರ ಹೋಸ್ಕುಲ್ಡುರ್ ಥ್ರಾಯಿನ್ಸನ್ ಮತ್ತು ಬಿರ್ನಾ ನಡೆಸಿದ ಕ್ಷೇತ್ರಕಾರ್ಯದಲ್ಲೂ ಮನೆಯಲ್ಲಿ ಮೊದಲು ಐಸ್‌ಲ್ಯಾಂಡಿಕ್ ಕಲಿತ ಹಿರಿಯರು ಸಿಕ್ಕರು. ಅವರಲ್ಲಿ ಹಲವರಿಗೆ ಮಾತು ಬರುತ್ತಿತ್ತು, ಓದು ಬರಹ ಅಷ್ಟಾಗಿ ಒಗ್ಗಿರಲಿಲ್ಲ. ಗ್ರಂಥದ ನುಡಿಯನ್ನೇ ಅಳತೆಗೋಲಾಗಿ ಹಿಡಿದರೆ ಇಂಥವರು ಲೆಕ್ಕಕ್ಕೇ ಬರುವುದಿಲ್ಲ. ನುಡಿ ಸತ್ತಿತೆಂಬ ತೀರ್ಪು ಅವಸರದಲ್ಲಿ ಹೊರಬಿದ್ದದ್ದು ಹೀಗೆ. ಪರಂಪರೆ ಇಂಗ್ಲಿಷಿನಲ್ಲೂ ಬದುಕಬಲ್ಲದು ಎನ್ನುವವರ ಮಾತಿನಲ್ಲಿ ಇದಕ್ಕಿಂತ ಹೆಚ್ಚು ತೂಕವಿದೆ. ಲಾರಾ ಗುಡ್‌ಮನ್ ಸಾಲ್ವರ್ಸನ್ 1923ರಲ್ಲೇ ವಲಸಿಗರ ಬದುಕನ್ನು ಇಂಗ್ಲಿಷ್ ಕಾದಂಬರಿಯಾಗಿಸಿದರು, ಡಬ್ಲ್ಯೂ. ಡಿ. ವಾಲ್ಗಾರ್ಡ್‌ಸನ್, ಡೇವಿಡ್ ಅರ್ನಾಸನ್ ಅವರದು ಗಟ್ಟಿ ಬರವಣಿಗೆ. ಆದರೆ ಇಂಗ್ಲಿಷಿಗೆ ಬಾರದೇ ಉಳಿದದ್ದು ಎಷ್ಟು ದೊಡ್ಡದು ಎಂಬುದಕ್ಕೆ 'ಫ್ರೇಯಾ' ಸಾಕ್ಷಿ. ಮಾರ್ಗ್ರೆಟ್ ಬೆನೆಡಿಕ್ಟ್‌ಸನ್ 1898ರಿಂದ 1910ರವರೆಗೆ ಮಹಿಳೆಯರ ಮತಾಧಿಕಾರಕ್ಕಾಗಿ ಐಸ್‌ಲ್ಯಾಂಡಿಕ್‌ನಲ್ಲಿ ಹೊರಡಿಸಿದ ಪತ್ರಿಕೆ ಅದು. ಮ್ಯಾನಿಟೋಬಾದ ಮಹಿಳೆಯರಿಗೆ ಮತ ದಕ್ಕಿದ್ದು 1916ರಲ್ಲಿ. ಆ ಹೋರಾಟ ಎಂದೊಡನೆ ಇಂಗ್ಲಿಷಿನಲ್ಲಿ ಬರೆದ ನೆಲ್ಲಿ ಮೆಕ್ಲಂಗ್ ಹೆಸರು ಮೊದಲು ಬರುತ್ತದೆ. ಐಸ್‌ಲ್ಯಾಂಡಿಕ್ ಓದಲಾರದವರಿಗೆ ಮಾರ್ಗ್ರೆಟ್ ಒಂದು ಅಡಿಟಿಪ್ಪಣಿ.

ಇಂದು ಕೆನಡಾದಲ್ಲಿ ಐಸ್‌ಲ್ಯಾಂಡ್ ಮೂಲವನ್ನು ಹೇಳಿಕೊಳ್ಳುವವರು ಒಂದು ಲಕ್ಷದ ಆಸುಪಾಸಿನಲ್ಲಿದ್ದಾರೆ. 1999ರಲ್ಲಿ ಆರಂಭವಾದ ಸ್ನೋರಿ ಕಾರ್ಯಕ್ರಮ ಯುವಜನರನ್ನು ಐಸ್‌ಲ್ಯಾಂಡಿಗೆ ಕರೆದೊಯ್ದು ನೆಂಟರ ನಡುವೆ ಇರಿಸುತ್ತದೆ, ನುಡಿಯನ್ನೂ ಕಲಿಸುತ್ತದೆ. ಒಳ್ಳೆಯ ಕೆಲಸವೇ. ಆದರೆ ಕಲಿಯುವುದು ಇಂದಿನ ರೇಕ್ಯಾವಿಕ್‌ನ ನುಡಿ. ಅಜ್ಜಿ ಆಡಿದ್ದು ಅದನ್ನಲ್ಲ. ಅಧ್ಯಯನದಲ್ಲೂ ಖಾಲಿ ಜಾಗಗಳಿವೆ: 1855ರಿಂದಲೇ ಯೂಟಾದಲ್ಲಿ ನೆಲೆಸಿದ ಮಾರ್ಮನ್ ಪಂಥದ ಐಸ್‌ಲ್ಯಾಂಡಿಗರು, ಬ್ರೆಜಿಲಿಗೆ ಹೋದ ಸಣ್ಣ ತಂಡ, ಹೆಂಗಸರ ಕಾಗದಪತ್ರಗಳು. ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಐಸ್‌ಲ್ಯಾಂಡಿಕ್ ಸಂಗ್ರಹವಿದೆ, ಧ್ವನಿಮುದ್ರಿಕೆಗಳಿವೆ, ಪೀಠವೂ ಇದೆ. ಉತ್ಸವಕ್ಕೆ ಕೂಡುವ ಹಣದ ಒಂದು ಪಾಲಾದರೂ ಹಳೆಯ ಕೈಬರಹವನ್ನು ಓದಲು ಕಲಿಸುವ ತರಗತಿಗಳಿಗೆ, ಆ ಹಿರಿಯರ ದನಿಯನ್ನೇ ಪಾಠವಾಗಿಸುವ ಪುಸ್ತಕಗಳಿಗೆ, 'ಫ್ರೇಯಾ'ದ ಸಂಪುಟಗಳ ಅನುವಾದಕ್ಕೆ ಸಲ್ಲಬೇಕು.