ಸೇಂಟ್ ವಿನ್ಸೆಂಟಿನ ಜೀಗುಜ್ಜೆ

ನಮ್ಮ ಕರಾವಳಿಯ ಹಿತ್ತಿಲುಗಳಲ್ಲಿ ಹಲಸಿನ ದಾಯಾದಿಯಂತೆ ನಿಂತು ಪೋಡಿಗೂ ಪಲ್ಯಕ್ಕೂ ಒದಗುವ ಜೀಗುಜ್ಜೆಯನ್ನು ಬಲ್ಲವರು ಕರೀಬಿಯನ್ ಸಮುದ್ರದ ಸೇಂಟ್ ವಿನ್ಸೆಂಟ್ ದ್ವೀಪದಲ್ಲಿ ಇಳಿದರೆ ಊರಿನ ಬಂಧುವನ್ನೇ ಕಂಡಂತೆ ಬೆರಗಾಗುವರು. ಉತ್ತರಕ್ಕೆ ಸುಫ್ರಿಯೆರ್ ಎಂಬ ಜ್ವಾಲಾಮುಖಿ, ಅದರ ಬೂದಿಯುಂಡು ಕೊಬ್ಬಿದ ನೆಲ, ಕಪ್ಪು ಮರಳಿನ ಕಡಲತಡಿ. ಇವುಗಳ ನಡುವೆ ಅಗಲವಾದ ಸೀಳೆಲೆಗಳ ಈ ವೃಕ್ಷವು ಅಲ್ಲಿಯ ಸಹಜ ಸಂತಾನವೆಂದೇ ತೋರುವುದು. ಆದರೆ ಅದು ಬಂದುದು ದೂರದ ತಾಹಿತಿಯಿಂದ, ಹಡಗನ್ನೇರಿ, ಅದೂ ಎರಡನೆಯ ಪ್ರಯತ್ನದಲ್ಲಿ.

ಅಮೆರಿಕದ ಸ್ವಾತಂತ್ರ್ಯಸಮರದಿಂದ ಉತ್ತರದ ವಸಾಹತುಗಳ ಧಾನ್ಯ ಬರುವುದು ನಿಂತು, ಚಂಡಮಾರುತಗಳೂ ಅದರೊಡನೆ ಕೂಡಿ, ಬ್ರಿಟಿಷರ ಕಬ್ಬಿನ ತೋಟಗಳಲ್ಲಿ ಆಫ್ರಿಕದ ಗುಲಾಮರು ಹಸಿವಿನಿಂದ ಸಾಯತೊಡಗಿದಾಗ, ಕಬ್ಬಿನ ನೆಲವನ್ನು ಅನ್ನಕ್ಕೆ ಬಿಟ್ಟುಕೊಡಲು ಮನಸ್ಸಿಲ್ಲದ ಒಡೆಯರಿಗೆ, ಉಳದೆ ಬಿತ್ತದೆ ಫಲವೀಯುವ ಈ ಮರವು ಅಗ್ಗದ ಉಪಾಯವಾಗಿ ಕಂಡಿತು. ಅದನ್ನು ತರಲು 1787ರಲ್ಲಿ ಹೊರಟ ವಿಲಿಯಂ ಬ್ಲೈಯ 'ಬೌಂಟಿ' ನೌಕೆಯಲ್ಲಿ 1789ರ ಏಪ್ರಿಲಿನಲ್ಲಿ ನಾವಿಕರು ದಂಗೆಯೆದ್ದು, ಕಪ್ತಾನನನ್ನು ದೋಣಿಯೊಂದರಲ್ಲಿ ಕಡಲಿಗೆ ಬಿಟ್ಟು, ಸಸಿಗಳನ್ನು ನೀರುಪಾಲು ಮಾಡಿದ ವೃತ್ತಾಂತ ಲೋಕವಿದಿತ. ಬ್ಲೈ ಛಲ ಬಿಡದೆ 1791ರಲ್ಲಿ 'ಪ್ರಾವಿಡೆನ್ಸ್' ಏರಿ ಮತ್ತೆ ಹೊರಟನು. ಈ ತಳಿಗೆ ಬೀಜವಿಲ್ಲವಾದುದರಿಂದ ಬೇರಿನಿಂದೆದ್ದ ಕಂದುಗಳನ್ನೇ ಕುಂಡಗಳಲ್ಲಿ ನೆಟ್ಟು ತರಬೇಕಾಯಿತು. ಎರಡು ಸಾವಿರಕ್ಕೂ ಮಿಕ್ಕ ಆ ಸಸಿಗಳಿಗೆ ಸಿಹಿನೀರು ಮೊದಲು, ಮನುಷ್ಯರಿಗೆ ಆಮೇಲೆ. ಮುಂದೆ ಆಸ್ಟ್ರೇಲಿಯವನ್ನು ಸುತ್ತಿಬಂದು ಪ್ರಖ್ಯಾತನಾದ ಮ್ಯಾಥ್ಯೂ ಫ್ಲಿಂಡರ್ಸ್ ಆಗ ಆ ಹಡಗಿನ ಎಳೆಯ ನಾವಿಕ. ತೋಟಗಾರನು ಗಿಡಗಳಿಗೆ ಹೊತ್ತೊಯ್ಯುವ ನೀರಿನಿಂದ ಮೆಟ್ಟಿಲ ಮೇಲೆ ತುಳುಕಿದ ಹನಿಗಳನ್ನು ಅವನೂ ಅವನ ಸಂಗಡಿಗರೂ ಮಲಗಿ ನೆಕ್ಕುತ್ತಿದ್ದರಂತೆ.

1793ರ ಜನವರಿಯಲ್ಲಿ ಸಸಿಗಳು ಸೇಂಟ್ ವಿನ್ಸೆಂಟಿನ ಕಿಂಗ್ಸ್‌ಟೌನಿನಲ್ಲಿ ಇಳಿದು, 1765ರಷ್ಟು ಹಿಂದೆಯೇ ಸ್ಥಾಪಿತವಾಗಿದ್ದ ಸಸ್ಯೋದ್ಯಾನದಲ್ಲಿ ಬೇರೂರಿದವು. ಆದರೆ ಯಾರ ಹೊಟ್ಟೆಗೆಂದು ಇಷ್ಟೆಲ್ಲ ಸಾಹಸ ನಡೆಯಿತೋ ಆ ಗುಲಾಮರು, ತಮ್ಮ ಬಾಳೆಕಾಯಿ ಗೆಣಸುಗಳಿಗೆ ಒಗ್ಗಿದವರು, ಬಹುಕಾಲ ಅದನ್ನು ಮೂಸಿಯೂ ನೋಡಲಿಲ್ಲ. ಕಾಯಿ ಹಂದಿಗಳ ಪಾಲಾಯಿತು.

1838ರಲ್ಲಿ ಪೂರ್ಣ ವಿಮೋಚನೆಯಾದ ಮೇಲೆ ಬೆಟ್ಟದ ಓರೆಗಳಲ್ಲಿ ಬಿಡಾರ ಕಟ್ಟಿದವರ ಹಿತ್ತಿಲುಗಳಿಗೆ ಅದೇ ಮರ ಮೆಲ್ಲನೆ ನಡೆದುಬಂದಿತು. 1979ರಲ್ಲಿ ಸ್ವತಂತ್ರವಾದ ದೇಶದ ಮೊದಲ ಧ್ವಜದ ನಡುವೆ ಅದರ ಎಲೆಯೇ ಹರಡಿತ್ತು. ಇಂದು ಇಡಿಯ ಕಾಯನ್ನು ಕೆಂಡದಲ್ಲಿ ಹೊರಳಿಸಿ, ಇದ್ದಿಲಾದ ಸಿಪ್ಪೆಯನ್ನು ಹೆರೆದು, ಹಬೆಯಾಡುವ ತಿರುಳನ್ನು ಹೋಳುಮಾಡಿ ಹುರಿದ ಮೀನಿನೊಡನೆ ಬಡಿಸಿದರೆ ಅದೇ ಅಲ್ಲಿಯ ರಾಷ್ಟ್ರಭೋಜನ. ಒಡೆಯನು ಅಳೆದು ಕೊಡಲೆಂದು ತರಿಸಿದ ಕಾಯನ್ನು, ಮರದ ಒಡತಿಯೀಗ ತನಗೆ ಬೇಕಾದಷ್ಟು ಕೊಯ್ದು, ಮಿಕ್ಕುದನ್ನು ನೆರೆಮನೆಗೆ ಕಳುಹುವಳು.