ಸರ್ಕಿಟ್ ಮತ್ತು ಪ್ಯಾಕೆಟ್: ವಿಡಿಯೊ ಸಂವಾದದ ಪರಿಭಾಷೆಯ ಎರಡು ಮನೆತನಗಳು

ವಿಡಿಯೊ ಸಂವಾದದ ವ್ಯವಸ್ಥೆಯನ್ನು ನೋಡಿಕೊಳ್ಳುವ ಸಿಸ್ಟಂ ಅಡ್ಮಿನಿಸ್ಟ್ರೇಟರುಗಳ ದಿನಬಳಕೆಯ ಮಾತಿನಲ್ಲಿ ಕಾಲ್, ಟರ್ಮಿನಲ್, ಗೇಟ್‌ಕೀಪರ್ ಎಂಬ ಪದಗಳ ಪಕ್ಕದಲ್ಲೇ ಪ್ಯಾಕೆಟ್, ಸೆಷನ್, ಪ್ರಾಕ್ಸಿ ಎಂಬವೂ ಬರುತ್ತವೆ. ಮೇಲ್ನೋಟಕ್ಕೆ ಒಂದೇ ಕುಲದವೆಂದು ತೋರುವ ಈ ಪದಗಳಲ್ಲಿ ಮೊದಲನೆಯವು ದೂರವಾಣಿಯವರ ಮಾನದಂಡಗಳಿಂದ ಇಳಿದುಬಂದವು, ಉಳಿದವು ಗಣಕ ಪ್ರಯೋಗಾಲಯಗಳಿಂದ ಬಂದವು. ಈ ಎರಡು ಮನೆತನಗಳು ಒಂದೇ ಸೂರಿನಡಿ ಬಾಳುವಂತಾದದ್ದು 1990ರ ದಶಕದಲ್ಲಿ, ಅದೂ ಮನಸ್ಸಿಲ್ಲದ ಮನಸ್ಸಿನಿಂದ.

ದೂರವಾಣಿಯವರ ಕಲ್ಪನೆಯಲ್ಲಿ ಸಂಭಾಷಣೆಯೆಂದರೆ ಎರಡು ತುದಿಗಳ ನಡುವೆ, ಮಾತು ಮುಗಿಯುವ ತನಕ ಮತ್ತಾರಿಗೂ ಬಿಟ್ಟುಕೊಡದೆ ಕಾದಿರಿಸಿದ ಹಾದಿ, ಅದೇ ಸರ್ಕಿಟ್. ಜರ್ಮನಿಯ ಅಂಚೆ ಇಲಾಖೆ 1936ರಲ್ಲಿ ಬರ್ಲಿನ್ ಮತ್ತು ಲೈಪ್‌ಜಿಗ್ ನಡುವೆ ಆರಂಭಿಸಿದ ದೃಶ್ಯದೂರವಾಣಿಯೂ, ಎಟಿ ಅಂಡ್ ಟಿ ಸಂಸ್ಥೆ 1970ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ತಿಂಗಳಿಗೆ 160 ಡಾಲರ್ ದರಕ್ಕೆ ಒದಗಿಸಹೊರಟು ಗಿರಾಕಿಗಳಿಲ್ಲದೆ ಕೈಬಿಟ್ಟ ಪಿಕ್ಚರ್‌ಫೋನೂ ಈ ಕಲ್ಪನೆಯ ಕೂಸುಗಳೇ. ಮುಂದೆ ಸೆಕೆಂಡಿಗೆ 64 ಕಿಲೊಬಿಟ್ ಸಾಗಿಸುವ ಐಎಸ್‌ಡಿಎನ್ ಎಂಬ ಡಿಜಿಟಲ್ ದೂರವಾಣಿ ಜಾಲದ ಚಾನೆಲ್‌ಗಳು ಬಂದಾಗ, ಚಿತ್ರವನ್ನು ಈ ತುದಿಯಲ್ಲಿ ಕುಗ್ಗಿಸಿ ಆ ತುದಿಯಲ್ಲಿ ಹಿಗ್ಗಿಸುವ ಕೋಡೆಕ್, ಅಂದರೆ ಕೋಡರ್ ಮತ್ತು ಡಿಕೋಡರ್ ಎಂಬೆರಡು ಪದಗಳ ಬೆಸುಗೆ, ಈ ಪರಿಭಾಷೆಯ ನಡುಮನೆಗೆ ಬಂದು ಕೂತಿತು. ಎಚ್.261 ಎಂಬ ಕೋಡೆಕ್ ಮಾನದಂಡವನ್ನು 64ರ ಮಗ್ಗಿಗೆ ಹೊಂದುವಂತೆಯೇ ಹೆಣೆಯಲಾಗಿತ್ತು. ಆರು ಚಾನೆಲ್‌ಗಳನ್ನು ಒಗ್ಗೂಡಿಸಿ 384 ಕಿಲೊಬಿಟ್ ಮಾಡಿಕೊಳ್ಳುವುದು ಸಭಾಕೊಠಡಿಗಳ ವಾಡಿಕೆಯಾಯಿತು. ಎಚ್.261ರ ಸಣ್ಣ ಅಳತೆಯ ಚಿತ್ರದಲ್ಲಿ ಅಡ್ಡಕ್ಕೆ 176, ಎತ್ತರಕ್ಕೆ 144 ಚುಕ್ಕೆಗಳಷ್ಟೇ ಇದ್ದುದರಿಂದ, ಮೇಜಿನ ಸುತ್ತ ನಾಲ್ಕು ಜನ ಕೂತರೆ ಮಾತಾಡುತ್ತಿರುವವರು ಯಾರೆಂಬುದನ್ನು ದನಿಯಿಂದಲೇ ಗುರುತಿಸಬೇಕಿತ್ತು.

ಗಣಕದವರ ದಾರಿ ಬೇರೆ. ಅಮೆರಿಕದಲ್ಲಿ ಪಾಲ್ ಬರಾನ್ 1960ರ ದಶಕದ ಆರಂಭದಲ್ಲಿ, ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯದ ಡೊನಾಲ್ಡ್ ಡೇವಿಸ್ 1965ರಲ್ಲಿ, ಒಬ್ಬರ ಕೆಲಸವನ್ನು ಇನ್ನೊಬ್ಬರು ಅನುಸರಿಸದೆ ತಾವುತಾವೇ, ಸಂದೇಶವನ್ನು ತುಂಡರಿಸಿ, ತುಂಡು ತುಂಡಿಗೂ ವಿಳಾಸ ಹಚ್ಚಿ, ತೆರವಿರುವ ದಾರಿಯಲ್ಲಿ ಕಳಿಸುವ ಉಪಾಯವನ್ನು ಕಂಡುಕೊಂಡರು. ಬರಾನ್ ಆ ತುಂಡನ್ನು ಸಂದೇಶದ ಬ್ಲಾಕ್ ಎಂದರು. ಡೇವಿಸ್ ಭಾಷಾತಜ್ಞರನ್ನು ವಿಚಾರಿಸಿ, ಪರಭಾಷೆಗಳಿಗೂ ಸಲೀಸಾಗಿ ಅನುವಾದಗೊಳ್ಳಬಲ್ಲ ಪದವೆಂದು ಪ್ಯಾಕೆಟ್ ಎಂಬುದನ್ನು ಆರಿಸಿದರು. ಕನ್ನಡದ ಮಟ್ಟಿಗೆ ಆ ಮುಂದಾಲೋಚನೆ ವ್ಯರ್ಥವೆನ್ನಬೇಕು: ಪೊಟ್ಟಣ ಎಂಬ ಮಾತು ಕೈಗೆಟುಕುವಂತಿದ್ದರೂ, ಹಾಲು ಬಿಸ್ಕತ್ತುಗಳೊಡನೆ ಮನೆಮನೆ ಹೊಕ್ಕ ಪ್ಯಾಕೆಟ್ಟೇ ಇಲ್ಲಿ ನಿಂತಿತು.

ಕಡತ ಕಳಿಸಲು ಹೇಳಿ ಮಾಡಿಸಿದಂತಿದ್ದ ಈ ವಿಧಾನ ಮಾತಿಗೂ ಮುಖಕ್ಕೂ ಒಗ್ಗುವುದು ಸುಲಭವಿರಲಿಲ್ಲ. ಒಂದು ಪ್ಯಾಕೆಟ್ ಬೇಗ, ಮತ್ತೊಂದು ತಡವಾಗಿ ತಲುಪುವ ಏರುಪೇರಿಗೆ ಜಿಟರ್ ಎಂದೂ, ಬಂದವನ್ನು ಕೆಲವು ಮಿಲಿಸೆಕೆಂಡು ತಡೆದಿಟ್ಟು ಒಂದೇ ಲಯದಲ್ಲಿ ಹೊರಬಿಡುವ ತಾಣಕ್ಕೆ ಜಿಟರ್ ಬಫರ್ ಎಂದೂ ಹೆಸರು. ಹೆಚ್ಚು ತಡೆದಷ್ಟೂ ದನಿ ಸರಾಗವಾಗುತ್ತದೆ, ಆದರೆ ಉತ್ತರ ತಡವಾಗಿ, ಇಬ್ಬರೂ ಒಟ್ಟಿಗೆ ಬಾಯಿ ತೆರೆದು ಒಟ್ಟಿಗೆ ಸುಮ್ಮನಾಗುವ ಮುಜುಗರವೂ ಹೆಚ್ಚುತ್ತದೆ.

ದೂರವಾಣಿಯವರ ಅಸಮಾಧಾನ ಒಂದು ಶೀರ್ಷಿಕೆಯಲ್ಲೇ ದಾಖಲಾಗಿದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1996ರಲ್ಲಿ ಹೊರತಂದ ಎಚ್.323 ಮಾನದಂಡದ ಶೀರ್ಷಿಕೆ, ಅದು ಗುಣಮಟ್ಟದ ಖಾತರಿ ಕೊಡದ ಸ್ಥಳೀಯ ಜಾಲಗಳಿಗಾಗಿ ರೂಪಿಸಿದ ದೃಶ್ಯದೂರವಾಣಿಯೆಂದು ಮೊದಲೇ ಕೈತೊಳೆದುಕೊಂಡಿತ್ತು. 1998ರ ಎರಡನೆಯ ಆವೃತ್ತಿಯಲ್ಲಿ ಆ ಗೊಣಗು ಮಾಯವಾಗಿ ಪ್ಯಾಕೆಟ್ ಎಂಬ ಪದವೇ ಶೀರ್ಷಿಕೆಗೆ ಏರಿತು. ಯಾರ ಕರೆಗೆ ಅನುಮತಿ, ಯಾರಿಗೆ ಎಷ್ಟು ಬ್ಯಾಂಡ್‌ವಿಡ್ತ್ ಎಂದು ತೀರ್ಮಾನಿಸುವ ಗೇಟ್‌ಕೀಪರ್ ಈ ಮಾನದಂಡದ ಕೊಡುಗೆ.

ಗಣಕದವರು 1999ರಲ್ಲಿ ಮುಂದಿಟ್ಟ ಎಸ್‌ಐಪಿ, ಅಂದರೆ ಸೆಷನ್ ಆರಂಭಿಸುವ ನಿಯಮಾವಳಿ, ಇದಕ್ಕೆ ಪ್ರತಿಸ್ಪರ್ಧಿಯಾಯಿತು. ಎಚ್.323ರ ಸಂದೇಶಗಳು ಬಿಡಿಸಿ ತೋರಿಸುವ ತಂತ್ರಾಂಶವಿಲ್ಲದೆ ಅರ್ಥವಾಗದ ಬೈನರಿಯಾಗಿದ್ದರೆ, ಎಸ್‌ಐಪಿಯವು ಬರಿಗಣ್ಣಿಗೆ ಓದಬರುವ ಸಾಲುಗಳು: ಕರೆಯಲು ‘ಇನ್ವೈಟ್’, ಮುಗಿಸಲು ‘ಬೈ’, ಕರೆಯಬೇಕಾದವರು ಸಿಗದಿದ್ದರೆ ವೆಬ್‌ನಿಂದ ಎರವಲು ತಂದ 404, ಮತ್ತು ಗಂಟೆಯೇ ಇಲ್ಲದ ಯಂತ್ರದಿಂದಲೂ ಗಂಟೆ ಬಾರಿಸುತ್ತಿದೆ ಎಂದು ಸಾರುವ ‘180 ರಿಂಗಿಂಗ್’. ನಡುರಾತ್ರಿ ಲಾಗ್ ಓದಿ ದೋಷ ಹುಡುಕಬೇಕಾದವರಿಗೆ ಯಾವುದು ಪ್ರಿಯವಾಗುತ್ತದೆಂದು ಹೇಳಬೇಕಾಗಿಲ್ಲ.

ಬ್ರೌಸರಿನೊಳಗೇ ಸಂವಾದ ನಡೆಸಲು ರೂಪುಗೊಂಡು 2021ರಲ್ಲಿ ಪೂರ್ಣ ಮಾನದಂಡವಾದ ವೆಬ್‌ಆರ್‌ಟಿಸಿ, ಕರೆ ಕೂಡಿಸುವ ಕ್ರಮವನ್ನು ಉದ್ದೇಶಪೂರ್ವಕವಾಗಿಯೇ ನಿಗದಿಪಡಿಸದೆ ಈ ಜಗಳದಿಂದ ದೂರ ಉಳಿಯಿತು. ಆದರೂ ಎರಡು ಬ್ರೌಸರುಗಳು ಕೋಡೆಕ್ ಮತ್ತು ವಿಳಾಸಗಳ ಬಗ್ಗೆ ಒಪ್ಪಂದಕ್ಕೆ ಬರುವುದು, ಜಾಲದ ಪ್ರಸಾರ ಕಾರ್ಯಕ್ರಮಗಳನ್ನು ಪ್ರಕಟಿಸಲೆಂದು ಹೊಸೆದು 1998ರಲ್ಲಿ ಪ್ರಮಾಣೀಕರಿಸಿದ ಎಸ್‌ಡಿಪಿ ಎಂಬ ವಿವರಣೆಯ ನಮೂನೆಯ ಮೂಲಕವೇ; ಅದರ ಮೊದಲ ಸಾಲು ಇಂದಿಗೂ ‘ವಿ=0’, ಅಂದರೆ ಸೊನ್ನೆಯ ಆವೃತ್ತಿ, ಎಂದೇ ಇದೆ.